ಜವಾಬಿಗೆ ಬಿಟ್ಟ ಜಾಗ

ನನ್ನ ಮಗಳ ಮದುವೆಗೆ ನಮ್ಮ ಬ್ಯಾಂಡನ್ನು ಫೋಟೋ ಸಲುವಾಗಿ ಕರೆದರು. ಊದುವುದಕ್ಕಲ್ಲ. ಕೆಂಪು ಕೋಟು ತೊಟ್ಟು, ಟೊಪ್ಪಿಗೆ ಇಟ್ಟು, ವಾದ್ಯ ಹಿಡಿದುಕೊಂಡು ಕಲ್ಯಾಣಮಂಟಪದ ಬಾಗಿಲಲ್ಲಿ ಸುಮ್ಮನೆ ನಿಲ್ಲಬೇಕು, ಹಾಡು ಡಿಜೆಯವನು ಹಾಕುತ್ತಾನೆ. ಹೀಗೆ ಹೇಳಿದವರು ನನ್ನ ಬೀಗತಿ, ಅಂದರೆ ಅಳಿಯನಾಗಲಿದ್ದವನ ತಾಯಿ, ಕುಷ್ಟಗಿಯವರು. ಗಂಗಾವತಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು, ನಾನೇ ಮಾಡಿಕೊಟ್ಟ ಚಹಾ ಕುಡಿಯುತ್ತ ಹೇಳಿದರು.

“ಫೋಟೋದಾಗ ಭಾಳ ಛಂದ ಕಾಣ್ತೈತ್ರಿ ಅಕ್ಕಾರ. ಹಿತ್ತಾಳಿ ಸಾಮಾನು ಫಳಫಳ ಅಂತಾವು. ಈಗ ದೊಡ್ಡ ಮಂದಿ ಮದಿವ್ಯಾಗ ಹಂಗ ಮಾಡಾಕತ್ಯಾರ.”

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಹೆಣ್ಣು ಹೆತ್ತವಳು ಬೀಗರ ಮುಂದೆ ಬಾಯಿ ಬಿಗಿ ಹಿಡಿಯಬೇಕು ಎಂದು ಅಕ್ಕಪಕ್ಕದವರು ಮೊದಲೇ ಬುದ್ಧಿ ಹೇಳಿದ್ದರು. ನಾನೂ ತಲೆ ಆಡಿಸಿದ್ದೆ. ಆದರೆ ಬಾಯಿ ನನ್ನ ಮಾತು ಕೇಳಬೇಕಲ್ಲ!

“ಮಂದೀನ ಪಂಕ್ತಿಗೆ ಕುಂದ್ರಿಸಿ, ಎಲಿ ಹಾಕಿ, ಹೋಳಿಗಿ ಫೋಟೋ ಬಡಸ್ತೀರೇನ್ರಿ?” ಎಂದೆ.

ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ನನ್ನ ಗಂಡ ಕೆಮ್ಮಿದರು. ಅವರು ಕೆಮ್ಮಿದರೆ ಸಾಕು ಮಾಡು ಎಂದು ಅರ್ಥ. ಮದುವೆಯಾದಾಗಿನಿಂದ ಕೆಮ್ಮುತ್ತಲೇ ಇದ್ದಾರೆ, ನಾನು ಮಾತ್ರ ಇನ್ನೂ ಸಾಕು ಮಾಡಿಲ್ಲ.

ನಾನು ಕ್ಲಾರಿನೆಟ್ ನುಡಿಸುವವಳು. ಮನೆಯೊಳಗೆ ಹೊತ್ತು ಹೋಗಲಿ ಎಂದು ನುಡಿಸುವವಳಲ್ಲ. ಮದುವೆ ಬ್ಯಾಂಡಿನಲ್ಲಿ, ನಡುಬೀದಿಯಲ್ಲಿ, ಸೀರೆಯ ಮೇಲೆ ಕೆಂಪು ಕೋಟು ತೊಟ್ಟು ನುಡಿಸುವವಳು. ನನ್ನ ಮಗಳ ಮದುವೆಯಲ್ಲಿ ನಮ್ಮ ಬ್ಯಾಂಡ್ ಊದಲೇಬೇಕು ಎಂದು ನಾನು ಹಟ ಹಿಡಿದದ್ದು ಯಾಕೆ ಎಂದು ಅನೇಕರು ಕೇಳಿದರು. ಕೆಲವರು ಬೈದರು. ಅವರಿಗೆಲ್ಲ ಬಿಡಿಬಿಡಿಯಾಗಿ ಹೇಳಿ ಬಾಯಿ ನೋಯಿಸಿಕೊಳ್ಳುವುದಕ್ಕಿಂತ ಇಲ್ಲಿ ಒಮ್ಮೆಗೇ ಬರೆದುಬಿಡುತ್ತೇನೆ.

ನಮ್ಮ ಬ್ಯಾಂಡು ಕಟ್ಟಿದವರನ್ನು ಊರೆಲ್ಲ ಉಸ್ತಾದರು ಎಂದೇ ಕರೆಯುತ್ತಿತ್ತು. ನಿಜಾಮರ ಕಾಲದಲ್ಲಿ ಅವರು ಹೈದರಾಬಾದಿನ ಒಂದು ಕ್ಲಬ್ಬಿನಲ್ಲಿ ಟ್ರಂಪೆಟ್ ಊದುತ್ತಿದ್ದರು. ಸಂಜೆಯಾದರೆ ಅಲ್ಲಿ ಸಾಹೇಬರು, ಮೇಮ್‌ಸಾಹೇಬರು ಜೋಡಿಜೋಡಿಯಾಗಿ ಕುಣಿಯುವುದು, ಅದಕ್ಕೆ ಅಮೆರಿಕದ ಕಡೆಯಿಂದ ಬಂದ ಸ್ವಿಂಗ್ ಸಂಗೀತ. ಅದು ನಾಲ್ಕಾರು ಜನರ ಕೆಲಸವಲ್ಲ, ದೊಡ್ಡ ಬ್ಯಾಂಡು. ಒಂದು ಸಾಲಿನಲ್ಲಿ ಟ್ರಂಪೆಟ್‌ನವರು, ಇನ್ನೊಂದು ಸಾಲಿನಲ್ಲಿ ಸ್ಯಾಕ್ಸೊಫೋನು, ಕ್ಲಾರಿನೆಟ್‌ನವರು. ಆ ಸಾಲು ಒಂದು ಮಾತು ಕೇಳುತ್ತದೆ, ಈ ಸಾಲು ಅದಕ್ಕೆ ಉತ್ತರ ಕೊಡುತ್ತದೆ. ದೊಡ್ಡ ಯುದ್ಧದ ಕಾಲದಲ್ಲಿ ಆ ಸಂಗೀತಕ್ಕೆ ದೇಶದೇಶಗಳ ಮಂದಿ ಹುಚ್ಚೆದ್ದು ಕುಣಿಯುತ್ತಿದ್ದರಂತೆ. ತಲೆಯ ಮೇಲೆ ಬಾಂಬು ಬೀಳುವ ಊರುಗಳಲ್ಲೂ ಕುಣಿತ ನಿಂತಿರಲಿಲ್ಲವಂತೆ. ಈ ಮಾತು ಹೇಳುವಾಗ ಉಸ್ತಾದರು ಎದೆ ಮುಂದೆ ಮಾಡುತ್ತಿದ್ದರೆಂದು ಅಪ್ಪ ಹೇಳುತ್ತಿದ್ದ.

ಸಂಸ್ಥಾನ ಹೋಯಿತು, ಕ್ಲಬ್ಬು ಮುಚ್ಚಿತು. ಉಸ್ತಾದರು ಟ್ರಂಪೆಟ್ಟನ್ನೂ ಒಂದಿಷ್ಟು ಗ್ರಾಮಫೋನ್ ಪ್ಲೇಟುಗಳನ್ನೂ ಹೊತ್ತುಕೊಂಡು ಗಂಗಾವತಿಗೆ ಬಂದರು. ಬಂದವರು ಸುಮ್ಮನೆ ಕೂರಲಿಲ್ಲ. ತಮ್ಮ ಮಗನ ಕೈಗೆ ಟ್ರಂಪೆಟ್ ಕೊಟ್ಟರು. ಅವರೇ ನಮ್ಮ ಚಾಚಾ, ಇವತ್ತಿಗೂ ಊದುತ್ತಿರುವವರು. ಆಮೇಲೆ ನನ್ನ ಅಪ್ಪನನ್ನು ಹಿಡಿದರು. ನಮ್ಮ ಮನೆತನದವರು ತಲೆಮಾರುಗಳಿಂದ ಮದುವೆಗಳಲ್ಲಿ ಸನಾದಿ ಊದಿಕೊಂಡು ಬಂದವರು. ಅಪ್ಪನಿಗೆ ಉಸಿರು ಇತ್ತು, ಬೆರಳು ಓಡುತ್ತಿದ್ದವು. ಸನಾದಿ ಇಳಿಸಿ ಕ್ಲಾರಿನೆಟ್ ಎತ್ತಿಕೊಂಡ. ಬಂಧುಬಳಗ ಬೈದದ್ದೇ ಬೈದದ್ದು.

ಎಡ ಬಲ, ಎಡ ಬಲ ಎಂದು ಹೆಜ್ಜೆ ಹಾಕುವ ಪೊಲೀಸ್ ಬ್ಯಾಂಡಿನ ತಾಳ ಉಸ್ತಾದರಿಗೆ ಸೇರುತ್ತಿರಲಿಲ್ಲ. ಸ್ವಿಂಗ್ ಎಂದರೆ ಹೆಂಗಿರಬೇಕು ಎಂದು ಅಪ್ಪ ಕೇಳಿದಾಗ ಅವರು ಕೆರೆಯ ದಾರಿಗೆ ಕರೆದುಕೊಂಡು ಹೋಗಿ, ತಲೆಯ ಮೇಲೊಂದು ಸೊಂಟದಲ್ಲೊಂದು ಕೊಡ ಹೊತ್ತು ಬರುವ ಹೆಂಗಸನ್ನು ತೋರಿಸಿದರಂತೆ. “ನೋಡು, ಹೆಜ್ಜಿ ಒಂದು ಕಡಿ ಭಾರ, ಒಂದು ಕಡಿ ಹಗೂರ. ನೀರು ಮಾತ್ರ ತುಳುಕಾಂಗಿಲ್ಲ. ಹಂಗ ಊದು.” ಅಪ್ಪನಿಗೆ ಅಷ್ಟೇ ಸಾಕಾಯಿತು. ಆಮೇಲೆ ನಮ್ಮ ಬ್ಯಾಂಡು ಏನು ಊದಿದರೂ ಆ ನಡಿಗೆಯಲ್ಲೇ ಊದಿತು. ಸಿನಿಮಾ ಹಾಡಿರಲಿ, ಬೀಸುವ ಪದವಿರಲಿ, ಭಜನೆಯಿರಲಿ, ಎಲ್ಲವೂ ಕೊಡ ಹೊತ್ತು ನಡೆದವು.

ನಾನು ಸಣ್ಣವಳಿದ್ದಾಗ ನೋಡಬೇಕಿತ್ತು ಆ ದಿನಗಳನ್ನು! ಕಾಲುವೆಗೆ ನೀರು ಬಂದು, ಭತ್ತ ಬೆಳೆದು, ಗಂಗಾವತಿಯ ಸುತ್ತಲಿನ ಕ್ಯಾಂಪುಗಳಲ್ಲಿ ಬಂದು ನೆಲೆಸಿದ ತೆಲುಗು ಮಂದಿಯೂ ನಮ್ಮ ಕನ್ನಡದ ಮಂದಿಯೂ ಪೈಪೋಟಿಯ ಮೇಲೆ ಮದುವೆ ಮಾಡುತ್ತಿದ್ದರು. ಯಲಬುರ್ಗಿಯ ಕಡೆಯವರು ಜ್ಯೋತಿಷಿಯ ಹತ್ತಿರ ಹೋಗುವ ಮೊದಲು ನಮ್ಮ ಮನೆಗೆ ಬರುತ್ತಿದ್ದರು, ಬ್ಯಾಂಡಿಗೆ ಯಾವತ್ತು ಬಿಡುವಿದೆ ಎಂದು ಕೇಳುವುದಕ್ಕೆ. ಇರಕಲ್ಲಗಡದಲ್ಲಿ ಒಂದೇ ದಿನ ಎರಡು ಮನೆಯ ಮದುವೆ ಬಿದ್ದು, ಬ್ಯಾಂಡು ಯಾರಿಗೆ ಎಂದು ಹಿರಿಯರು ಪಂಚಾಯಿತಿ ಕೂಡಿಸಿದ್ದರು. ಕಡೆಗೆ ಬೆಳಗಿನ ಮೆರವಣಿಗೆ ಒಬ್ಬರಿಗೆ, ಸಂಜೆಯದು ಇನ್ನೊಬ್ಬರಿಗೆ ಎಂದು ತೀರ್ಮಾನವಾಯಿತು. ಹಿಟ್ನಾಳದ ಹತ್ತಿರ ರಸ್ತೆಯ ಮೇಲೆ ಮೆರವಣಿಗೆ ಬಂದಾಗ ಲಾರಿಯವರು ಲಾರಿ ನಿಲ್ಲಿಸಿ, ಬಾಗಿಲು ತೆರೆದದ್ದು ತೆರೆದಂತೆಯೇ ಬಿಟ್ಟು, ಇಳಿದು ಕುಣಿದರು. ಹಿಂದೆ ನಿಂತ ಬಸ್ಸಿನ ಕಂಡಕ್ಟರು ಸೀಟಿ ಊದಿ ಊದಿ ಸಾಕಾಗಿ, ಕಡೆಗೆ ನಮ್ಮ ತಾಳಕ್ಕೇ ಸೀಟಿ ಊದತೊಡಗಿದ. ಇದನ್ನು ನಾನು ಅಪ್ಪನ ಕೋಟಿನ ತುದಿ ಹಿಡಿದುಕೊಂಡು ನಿಂತು ಕಣ್ಣಾರೆ ಕಂಡಿದ್ದೇನೆ, ಯಾರೂ ಕಥೆ ಕಟ್ಟಿ ಹೇಳಿದ್ದಲ್ಲ.

ಆ ಕುಣಿತಕ್ಕೆಲ್ಲ ಮೂಲ ಸವಾಲು ಜವಾಬು. ಉಸ್ತಾದರು ಕ್ಲಬ್ಬಿನಿಂದ ತಂದದ್ದು ಅದೇ. ಚಾಚಾರ ಟ್ರಂಪೆಟ್ ಮುಂದೆ ಬಂದು ಸವಾಲು ಹಾಕುತ್ತದೆ, ಒಂದೇ ಒಂದು ಸಾಲು, ಕಡೆಯ ಸ್ವರ ಮೇಲಕ್ಕೆ ಎದ್ದು ನಿಲ್ಲುತ್ತದೆ. ಅಪ್ಪನ ಕ್ಲಾರಿನೆಟ್ ಅದಕ್ಕೆ ಜವಾಬು ಕೊಡುತ್ತದೆ, ಒಮ್ಮೆ ನಗುತ್ತ, ಒಮ್ಮೆ ಗದರಿಸಿ. ಜವಾಬಿನ ಕೊನೆಗೆ ಅಪ್ಪ ಮೂರು ಸ್ವರ ಸೇರಿಸುತ್ತಿದ್ದ, ಮೆಟ್ಟಿಲು ಇಳಿದು ಬಂದು ಹೊಸ್ತಿಲಲ್ಲಿ ನಿಂತ ಹಾಗೆ. ಅದು ಅವನ ಗುರುತು. ಕತ್ತಲಲ್ಲಿ ಕೇಳಿದರೂ ಇದು ನಮ್ಮ ಬ್ಯಾಂಡು ಎಂದು ಮಂದಿ ಹೇಳುತ್ತಿದ್ದರು.

ಬ್ಯಾಂಡಿನಲ್ಲಿ ಒಂದು ರೂಢಿ ಇತ್ತು. ಊದುವವರ ಮನೆಯಲ್ಲೇ ಮದುವೆಯಾದರೆ ಬ್ಯಾಂಡು ಪುಕ್ಕಟೆ ಬರುತ್ತದೆ, ಆದರೆ ಆ ಮನೆಯವರು ಊದುವಂತಿಲ್ಲ. ಅವತ್ತು ಅವರು ಯಜಮಾನರು, ಬಂದವರನ್ನು ಎದುರುಗೊಳ್ಳಬೇಕು, ಕೈ ಮುಗಿಯಬೇಕು. ಅವರ ವಾದ್ಯಕ್ಕೆ ಮಲ್ಲಿಗೆ ಸುತ್ತಿ, ಇನ್ನೊಬ್ಬರ ಹೆಗಲಿಗೆ ಇಳಿಬಿಟ್ಟು ಮೆರವಣಿಗೆಯಲ್ಲಿ ತರುತ್ತಾರೆ. ಅವರ ಪಾಲಿನ ಸ್ವರಗಳನ್ನು ಬೇರೆ ಯಾರೂ ಊದುವುದಿಲ್ಲ. ಆ ಜಾಗ ಖಾಲಿ ಬಿಡುತ್ತಾರೆ. ಆ ಜಾಗವನ್ನು ಓಣಿಯ ಮಂದಿ ಬಾಯಿಂದ ತುಂಬಬೇಕು.

ನನ್ನ ಮದುವೆಯಲ್ಲಿ ಹಾಗೇ ಆಯಿತು. ಅಪ್ಪ ಪೇಟ ಸುತ್ತಿಕೊಂಡು ಬರಿಗೈಯಲ್ಲಿ ನಿಂತಿದ್ದ. ಚಾಚಾ ಸವಾಲು ಹಾಕಿದರು. ಡ್ರಮ್ ಬಿಟ್ಟರೆ ಎಲ್ಲ ಸುಮ್ಮನಾಯಿತು. ಮರುಕ್ಷಣ ಇಡೀ ಓಣಿ ಒಂದೇ ಬಾಯಾಗಿ ಜವಾಬು ಕೊಟ್ಟಿತು, ತರಕಾರಿ ಮಾರುವವಳು, ಗಿರಣಿಯ ಹಮಾಲರು, ಮಾಳಿಗೆಯ ಮೇಲೆ ನಿಂತ ಬುರ್ಖಾದ ಹೆಂಗಸರು, ಎಲ್ಲರೂ. ಅಪ್ಪನ ಆ ಮೂರು ಸ್ವರವನ್ನೂ ಬಿಡದೆ ಹಾಡಿದರು. ಅಪ್ಪ ಹೆಗಲ ಮೇಲಿನ ವಲ್ಲಿಯನ್ನು ಮುಖಕ್ಕೆ ಮುಚ್ಚಿಕೊಂಡು ಅತ್ತ. ನಾನು ಮದುಮಗಳು, ತಲೆ ತಗ್ಗಿಸಿ ನಿಲ್ಲಬೇಕಾದವಳು, ಬಾಯಿ ತೆರೆದು ಹಾಡುತ್ತಿದ್ದೆ. ನನ್ನ ಅತ್ತೆ ನನ್ನನ್ನು ಅವತ್ತೇ ಅಳೆದುಬಿಟ್ಟರು ಎಂದು ಆಮೇಲೆ ಗೊತ್ತಾಯಿತು.

ನಾನು ಊದುವುದನ್ನು ಸಣ್ಣವಳಿದ್ದಾಗಲೇ ಅಪ್ಪನಿಂದ ಕಲಿತಿದ್ದೆ, ಬಾಗಿಲು ಹಾಕಿಕೊಂಡು. ಬಾಗಿಲು ತೆಗೆಸಿದ್ದು ಅಪ್ಪನ ಹಲ್ಲು. ಕ್ಲಾರಿನೆಟ್ ಊದುವವರಿಗೆ ಮೇಲಿನ ಮುಂದಿನ ಹಲ್ಲು ಗಟ್ಟಿ ಇರಬೇಕು, ವಾದ್ಯ ಅದಕ್ಕೇ ಆತು ನಿಲ್ಲುವುದು. ನನ್ನ ಮದುವೆಯಾಗಿ ಒಂದೆರಡು ವರ್ಷಕ್ಕೆ ಅಪ್ಪನ ಹಲ್ಲು ಉದುರಿದವು. ಕಟ್ಟಿಸಿಕೊಂಡ ಹಲ್ಲು ಸವಾಲು ಬರುವಷ್ಟರಲ್ಲಿ ಕೈಗೆ ಬರುತ್ತಿತ್ತು. ನನ್ನ ಗಂಡನ ಮನೆ ಎರಡು ಓಣಿ ಆಚೆಗೆ. ಚಾಚಾ ಬಂದು ನನ್ನ ಅತ್ತೆಯ ಮುಂದೆಯೇ ಹೇಳಿದರು, “ಬೇಟಿ, ಜವಾಬು ಕೊಡವ್ರು ಇಲ್ಲಂದ್ರ ನಾ ಯಾರನ್ನ ಕೇಳ್ಲಿ? ಕೋಟು ಹಾಕ್ಕೋ.”

ಹಾಕಿಕೊಂಡೆ. ಊರು ಬಾಯಿ ಬಡಿದುಕೊಂಡಿತು. ಹೆಣ್ಣುಮಕ್ಕಳು ಊದಿದರೆ ಗರ್ಭ ಜಾರುತ್ತದೆ ಎಂದರು. ನಾನು ಬಸುರಿ ಇದ್ದಾಗ ಕೋಟಿನ ಗುಂಡಿ ಹಾಕಲು ಬಾರದೆ, ಬಿಚ್ಚು ಕೋಟಿನಲ್ಲೇ ಯಲಬುರ್ಗಿಯ ಬೀದಿಗಳಲ್ಲಿ ಊದಿದೆ. ಏನೂ ಜಾರಲಿಲ್ಲ. ಮಗಳು ಗುಂಡುಗುಂಡಾಗಿ ಹುಟ್ಟಿ, ಹುಟ್ಟಿದ ಕೂಡಲೇ ಎಂಥ ಗಂಟಲು ತೆಗೆದಳೆಂದರೆ, ಇದು ಟ್ರಂಪೆಟ್ಟಿನ ಸಾಲಿಗೆ ಸೇರಬೇಕಾದ ಕೂಸು ಎಂದು ಚಾಚಾ ನಕ್ಕರು.

ಹಾಗೆ ಊದುತ್ತ ಊದುತ್ತ ಇರುವಾಗಲೇ ಡಿಜೆ ಬಂತು. ಲಾರಿಯ ತುಂಬ ಪೆಟ್ಟಿಗೆಗಳು, ಕಣ್ಣು ಕುಕ್ಕುವ ದೀಪ, ಮನೆಯ ಗೋಡೆಯ ಸುಣ್ಣ ಉದುರಿಸುವ ಸದ್ದು. ಅದರೆದುರು ಟ್ರಂಪೆಟ್ ಊದಿದರೆ ಊದಿದವನಿಗೇ ಕೇಳಿಸದು. ಅಪ್ಪ ತೀರಿಕೊಂಡ, ಕರೆಯುವವರು ಕಡಿಮೆಯಾದರು, ಬ್ಯಾಂಡಿನವರು ಒಬ್ಬೊಬ್ಬರೇ ಬೇರೆ ಕೆಲಸ ಹಿಡಿದರು. ಈಗ ಉಳಿದವರು ಚಾಚಾ, ನಾನು, ಬಾಸು ಎಂಬ ದಪ್ಪ ದನಿಯ ದೊಡ್ಡ ತುತ್ತೂರಿ ಊದುವವರೊಬ್ಬರು, ಇನ್ನು ಡ್ರಮ್ಮಿನವರು. ದೊಡ್ಡ ಬ್ಯಾಂಡು ಸಣ್ಣದಾಯಿತು. ಕಾಲ ಬದಲಾಗೈತಿ ಅಂತಾರೆ. ಬದಲಾಗಲಿ, ನನ್ನದೇನು ತಕರಾರು? ಆದರೆ ಕಾಲ ಬದಲಾಯಿತೆಂದು ನಾನು ಬಾಯಿ ಮುಚ್ಚಿಕೊಂಡು ಕೋಟಿನ ಗೊಂಬೆಯಾಗಿ ನಿಲ್ಲಬೇಕೇ? ನಿಲ್ಲುವುದಿಲ್ಲ.

ಬೀಗತಿಯ ಮುಂದೆ ನಾನು ಹೇಳಿದ್ದೂ ಅದನ್ನೇ. “ಬ್ಯಾಂಡು ಬಂದ್ರ ಊದತೈತ್ರಿ. ಊದಬ್ಯಾಡ ಅಂದ್ರ ಬರಾಂಗಿಲ್ಲ. ಫೋಟೋಕ್ಕ ಬೇಕಂದ್ರ ಅಂಗಡ್ಯಾಗ ಪ್ಲಾಸ್ಟಿಕ್ ತುತ್ತೂರಿ ಸಿಗ್ತಾವು.”

ನನ್ನ ಗಂಡ ಈ ಸಲ ಕೆಮ್ಮುವುದನ್ನೂ ಮರೆತರು. ಬೀಗತಿಯ ಜೊತೆ ಬಂದಿದ್ದ ಅವರ ಗಂಡ, ನಮ್ಮ ಬೀಗರು, ಕುಷ್ಟಗಿಯಲ್ಲಿ ಗೊಬ್ಬರದ ಅಂಗಡಿ ಇಟ್ಟವರು, ಮಾತು ಮುರಿಯಲು ಬಿಡದ ವ್ಯಾಪಾರಸ್ಥರು. “ಹೋಗ್ಲಿ ಬಿಡ್ರಿ ಅಕ್ಕಾರ. ಹಣಮಪ್ಪನ ಗುಡಿಯಿಂದ ಮಂಟಪದ ತನಕ ನಿಮ್ಮ ಬ್ಯಾಂಡು ಊದ್ಲಿ. ಅಲ್ಲಿಂದ ಮುಂದ ಡಿಜೆ,” ಎಂದು ನಡುವೆ ಗೆರೆ ಎಳೆದರು. ಬೀಗತಿ ಅಷ್ಟಕ್ಕೆ ಬಿಡಲಿಲ್ಲ.

“ಆದ್ರ ನೀವು ಊದಬಾರದು ನೋಡ್ರಿ. ಮದಿಮಗಳ ಅವ್ವ ಬೀದ್ಯಾಗ ಪೀಪಿ ಊದಿದ್ರ ನಮ್ಮ ಮಂದಿ ನಗ್ತಾರ.”

ಪೀಪಿ! ಕಿವಿ ಬಿಸಿಯಾದವು. ಆದರೂ ನಕ್ಕೆ. “ನಾ ಊದಾಂಗಿಲ್ರಿ, ಚಿಂತಿ ಮಾಡಬ್ಯಾಡ್ರಿ. ಮನಿಯವ್ರ ಮದಿವ್ಯಾಗ ಮನಿಯವ್ರು ಊದಬಾರದಂತ ನಮ್ಮ ರೂಢೀನ ಐತಿ.” ಜಾಗ ಬಿಡುವ ವಿಷಯವನ್ನೂ ಬಿಡಿಸಿ ಹೇಳಿದೆ. ಅವರು ಹೌದೌದು ಎಂದರು, ಮನಸ್ಸು ಮಾತ್ರ ಬೇರೆ ಕಡೆಗಿತ್ತು. ಬಿಸ್ಕೀಟು ಚಹಾದಲ್ಲಿ ಅದ್ದಿ ತಿಂದರು.

ಅವರು ಹೋದ ಮೇಲೆ ನನ್ನ ಜೊತೆ ಜಗಳಕ್ಕೆ ನಿಂತವಳು ಮಗಳು. ಅವಳು ಇಲ್ಲೇ ಗಂಗಾವತಿಯ ದವಾಖಾನೆಯೊಂದರಲ್ಲಿ ನರ್ಸ್. ಡ್ಯೂಟಿ ಮುಗಿಸಿ ಬಂದವಳು ಕೈ ಕೂಡ ತೊಳೆಯದೆ ನನ್ನ ಎದುರು ಕೂತಳು.

“ಅವ್ವಾ, ಬ್ಯಾಂಡಿನ ಮಾತು ಬಿಟ್ಟುಬಿಡು. ಮದಿವಿ ಒಂದು ದಿನ. ಅವ್ರ ಬಾಯಾಗ ನಾ ಜಲ್ಮ ಪೂರ್ತಿ ಇರಬೇಕು.”

“ಊದಿದ್ರ ಏನಾಗತೈತಿ? ಯಾರಿಗಿ ಕೇಡು?”

“ಯಾರೂ ಕೇಳಾಂಗಿಲ್ಲ ಬೇ! ಅದು ಆಗತೈತಿ. ಚಾಚಾ ಅಷ್ಟು ವಯಸ್ಸಿನಾಗ ಉಸುರು ಹಾಕಿ ಊದ್ತಾರ, ಮಂದಿ ಮೊಬೈಲ್ ನೋಡ್ಕೋತ ನಿಂದರ್ತಾರ. ನಿನ್ನ ಜಾಗಾ ಖಾಲಿ ಬಿಟ್ರ ಖಾಲೀನ ಉಳೀತೈತಿ. ನಿನಗ ಅಳು ಬರತೈತಿ. ನನ್ನ ಮದಿವ್ಯಾಗ ನೀ ಅಳೋದು ನಾ ನೋಡಾಂಗಿಲ್ಲ.”

ಸಿಟ್ಟಿನಿಂದ ಬೈದಿದ್ದರೆ ನಾನೂ ಬೈಯುತ್ತಿದ್ದೆ. ಅವಳು ನನಗಾಗಿ ಹೆದರಿಕೊಂಡಿದ್ದಳು. ಅದು ನನ್ನನ್ನು ಚುಚ್ಚಿತು, ಯಾಕೆಂದರೆ ಅದೇ ಹೆದರಿಕೆ ನನಗೂ ಇತ್ತು. ಸವಾಲು ಬಿದ್ದು ಜವಾಬು ಬಾರದೆ ಹೋದರೆ? ಹಾಗೊಮ್ಮೆ ಆದರೆ ಬ್ಯಾಂಡು ಅವತ್ತೇ ಮುಗಿಯಿತು, ಅಪ್ಪನೂ ಮುಗಿದ. ಆದರೂ ಸೋಲು ಒಪ್ಪಿಕೊಳ್ಳುವ ಬಾಯಿ ನನಗೆ ದೇವರು ಕೊಟ್ಟಿಲ್ಲ.

“ನಿನ್ನ ಹೊಟ್ಟ್ಯಾಗ ಇಟ್ಕೊಂಡು ಊದೀನಿ,” ಎಂದೆ. “ಊರು ಬ್ಯಾಡ ಅಂದ್ರೂ ಊದೀನಿ. ಈಗ ನೀ ಬ್ಯಾಡ ಅಂದ್ರ ಬಿಡ್ತೀನೇನು? ಎದ್ದು ಕೈ ತೊಳಕೊ, ರೊಟ್ಟಿ ಆರಾಕತ್ಯಾವು.”

ಅವಳು ಎದ್ದು ಹೋದಳು. ಮದುವೆಯ ದಿನದವರೆಗೂ ನಾವಿಬ್ಬರೂ ಬ್ಯಾಂಡಿನ ಹೆಸರೆತ್ತಲಿಲ್ಲ. ನಾನು ಹಿಟ್ಟು ನಾದುವಾಗಲೂ ಬಟ್ಟೆ ಒಗೆಯುವಾಗಲೂ ಯಾವಾಗಿನಂತೆ ಜವಾಬಿನ ಸಾಲುಗಳನ್ನು ಗುನುಗುತ್ತಲೇ ಇದ್ದೆ. ಅದನ್ನು ನಿಲ್ಲಿಸು ಎಂದು ಅವಳೂ ಹೇಳಲಿಲ್ಲ.

ಮದುವೆ ಕುಷ್ಟಗಿಯಲ್ಲಿ. ಬೆಳಿಗ್ಗೆ ಮದುಮಕ್ಕಳನ್ನು ಕೂರಿಸಿ, ಸುತ್ತಲೂ ಸುರಗಿಯ ನೂಲು ಸುತ್ತಿ ನೀರು ಹಾಕಿದ ಮೇಲೆ ಅವರನ್ನು ಹಣಮಪ್ಪನ ಗುಡಿಗೆ ಕರೆದುಕೊಂಡು ಹೋದೆವು. ಅಲ್ಲಿಂದ ಮಂಟಪಕ್ಕೆ ಮೆರವಣಿಗೆ. ನಮ್ಮ ಓಣಿಯ ಹಳೆಯ ಮಂದಿ ಬಸ್ಸಿನಲ್ಲಿ ಬಂದಿಳಿದಿದ್ದರು, ಅವರ ಮೇಲೆಯೇ ನಾನು ನಂಬಿಕೆ ಇಟ್ಟಿದ್ದು. ತಿರುಗಿ ನೋಡಿದರೆ ಒಬ್ಬರೂ ಇಲ್ಲ. ಎಲ್ಲರೂ ಸೀದಾ ಮಂಟಪಕ್ಕೆ ಹೋಗಿ ನಾಷ್ಟಾಕ್ಕೆ ಕೂತಿದ್ದಾರೆ! ಉಪ್ಪಿಟ್ಟು ಶಿರಾದ ಮುಂದೆ ಯಾವ ಸ್ವಿಂಗು, ಯಾವ ಸವಾಲು. ಹೊಟ್ಟೆಬಾಕರು ಎಂದು ಮನಸ್ಸಿನಲ್ಲೇ ಒಂದು ಸುತ್ತು ಬೈದೆ.

ಸುತ್ತ ಇದ್ದವರೆಲ್ಲ ಬೀಗರ ಕಡೆಯವರು, ಹನುಮಸಾಗರದಿಂದ ಬಂದ ಅವರ ಬಂಧುಗಳು. ನಾನು ರೇಷ್ಮೆ ಸೀರೆ ಉಟ್ಟು, ಬೀಗತಿಯ ಪಕ್ಕದಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದೆ. ನನ್ನ ಕ್ಲಾರಿನೆಟ್ಟಿಗೆ ಮಲ್ಲಿಗೆ ಸುತ್ತಿ ಬಾಸಿನವರು ಹೆಗಲಿಗೆ ಇಳಿಬಿಟ್ಟಿದ್ದರು. ಮಂಟಪದ ಮುಂದೆ ಡಿಜೆಯ ಲಾರಿ ಕಾಯುತ್ತಿತ್ತು.

ಚಾಚಾ ಊದತೊಡಗಿದರು. ಎಪ್ಪತ್ತು ದಾಟಿದ ಎದೆ, ಆದರೂ ಆ ಸ್ವರ ಎದ್ದ ರೀತಿಗೆ ನನ್ನ ಮೈ ಜುಮ್ಮೆಂದಿತು. ಡ್ರಮ್ಮು ಕೊಡ ಹೊತ್ತವಳ ಹಾಗೆ ನಡೆಯಿತು. ಹನುಮಸಾಗರದ ಒಂದಿಬ್ಬರು ಮುದುಕರ ಕಾಲು ತಾವಾಗಿಯೇ ತಾಳ ಹಾಕುವುದನ್ನು ಕಂಡೆ. ಮಂಟಪ ಸಮೀಪಿಸಿತು. ಚಾಚಾ ಮದುಮಕ್ಕಳ ಕಡೆಗೆ ತಿರುಗಿ, ಟ್ರಂಪೆಟ್ ಎತ್ತಿ, ಸವಾಲು ಹಾಕಿದರು. ಕಡೆಯ ಸ್ವರ ಮೇಲಕ್ಕೆ ಎದ್ದು ನಿಂತಿತು.

ಜಾಗ ಖಾಲಿ ಬಿತ್ತು.

ಯಾರೂ ಜವಾಬು ಕೊಡಲಿಲ್ಲ. ಹಾಡು ಮುಗಿಯಿತೆಂದು ತಿಳಿದು ಮಂದಿ ಚಪ್ಪಾಳೆ ತಟ್ಟಿದರು. ಒಬ್ಬರು “ಭಾಳ ಛಲೋ ಆತು” ಎಂದರು. ನನ್ನ ಗಂಡ ಬಾಯಿ ತೆರೆದರು, ಪಾಪ, ಅವರಿಗೆ ಶ್ರುತಿ ಗೊತ್ತಿಲ್ಲ, ಬರೀ ಕೆಮ್ಮು ಬಂತು. ಡಿಜೆಯವನೂ ಬ್ಯಾಂಡಿನದು ಮುಗಿಯಿತೆಂದು ತಿಳಿದು ಪೆಟ್ಟಿಗೆಯಿಂದ ಒಂದು ಸಲ ಢಮ್ಮೆನಿಸಿ ನೋಡಿದ. ಚಾಚಾ ಟ್ರಂಪೆಟ್ ಇಳಿಸದೆ ನನ್ನನ್ನೇ ನೋಡುತ್ತಿದ್ದರು. ಅವರ ಕಣ್ಣಿನಲ್ಲಿ ಬೇಡಿಕೆ ಇರಲಿಲ್ಲ, ಅವಮಾನ ಇತ್ತು. ಆ ವಯಸ್ಸಿನ ಮನುಷ್ಯನಿಗೆ, ನನ್ನ ಮಗಳ ಮದುವೆಯಲ್ಲಿ!

ಸುಟ್ಟುಹೋಗಲಿ ರೂಢಿ, ಸುಟ್ಟುಹೋಗಲಿ ಕರಾರು ಎಂದುಕೊಂಡೆ. ಆರತಿ ತಟ್ಟೆಯನ್ನು ಬೀಗತಿಯ ಕೈಗೆ ತುರುಕಿದೆ. “ಸ್ವಲ್ಪ ಹಿಡೀರಿ ಅಕ್ಕಾರ. ದೀಪ ಆರೀತು, ಜ್ವಾಕಿ.” ಅವರು ಗಾಬರಿಯಲ್ಲಿ ಎರಡೂ ಕೈಯಿಂದ ಹಿಡಿದುಕೊಂಡರು. ಡಿಜೆಯವನ ಕಡೆ ಬೆರಳು ಮಾಡಿ, “ಏ ತಮ್ಮಾ, ಬಂದ್ ಇಡು, ನಮ್ಮ ಮಾತು ಇನ್ನೂ ಮುಗಿದಿಲ್ಲ,” ಎಂದು ಕೂಗಿದೆ. ಬಾಸಿನವರ ಹೆಗಲಿನಿಂದ ಕ್ಲಾರಿನೆಟ್ ಕಿತ್ತುಕೊಂಡು, ಸುತ್ತಿದ್ದ ಮಲ್ಲಿಗೆ ಹರಿದು, ಬಾಯಿಗೆ ಇಟ್ಟೆ.

ತುಟಿಗೆ ತಾಗುವ ಬೆತ್ತದ ಸೀಳು, ರೀಡು, ಒಣಗಿಹೋಗಿತ್ತು, ಕೀಂಚ್ ಎಂದಿತು. ಮಂದಿ ನಕ್ಕರು. ನಗಲಿ! ರೀಡನ್ನು ನಾಲಿಗೆಯಿಂದ ಚೆನ್ನಾಗಿ ಒದ್ದೆ ಮಾಡಿಕೊಂಡೆ. ನಗುವವರ ಮುಖಗಳನ್ನು ಒಂದೊಂದಾಗಿ ನೋಡಿದೆ. ಆಮೇಲೆ ಜವಾಬು ಕೊಟ್ಟೆ. ರೇಷ್ಮೆ ಸೀರೆಯಲ್ಲಿ, ಕೈತುಂಬ ಹಸಿರು ಬಳೆಯಲ್ಲಿ, ನಡುಬೀದಿಯಲ್ಲಿ ನಿಂತು, ನನ್ನ ಜೀವಮಾನದಲ್ಲೇ ಯಾರಿಗೂ ಕೊಟ್ಟಿರದಂಥ ಜವಾಬು. ಬಳೆಗಳು ಒಂದಕ್ಕೊಂದು ತಾಗಿ ಅವೂ ತಾಳ ಹಾಕಿದವು. ಕಡೆಗೆ ಅಪ್ಪನ ಮೂರು ಸ್ವರ ಇಳಿಸಿದೆ, ಹೊಸ್ತಿಲ ತನಕ. ನಗು ಎಲ್ಲಿ ನಿಂತಿತೋ ನನಗೆ ಗೊತ್ತಾಗಲಿಲ್ಲ.

ಬೀಗತಿ ಆರತಿ ತಟ್ಟೆ ಹಿಡಿದು ನಿಂತಲ್ಲೇ ನಿಂತಿದ್ದರು. ಅವರ ಮುಖದಲ್ಲಿ ಏನಿತ್ತು ಎಂದು ನೋಡುವ ವ್ಯವಧಾನ ನನಗಿರಲಿಲ್ಲ, ಯಾಕೆಂದರೆ ಚಾಚಾ ಆಗಲೇ ಎರಡನೆಯ ಸವಾಲು ಹಾಕಿಬಿಟ್ಟಿದ್ದರು. ಮೊದಲಿನದಕ್ಕಿಂತ ಗಟ್ಟಿ, ಮೊದಲಿನದಕ್ಕಿಂತ ಎತ್ತರ. ಮುದುಕನಿಗೆ ಹರೆಯ ಬಂದಿತ್ತು. ನಾನು ಉಸಿರು ಎಳೆದುಕೊಂಡು ಕ್ಲಾರಿನೆಟ್ಟನ್ನು ತುಟಿಗೆ ತಂದೆ.

ನಾನು ಊದುವ ಮೊದಲೇ ಜವಾಬು ಬಂತು.

ಬಾಸಿಂಗದ ಮುತ್ತಿನ ಎಳೆಗಳ ಹಿಂದಿನಿಂದ, ನನ್ನ ಮಗಳ ಬಾಯಿಂದ. ಧ್ವನಿ ನಡುಗುತ್ತಿತ್ತು, ಶ್ರುತಿ ಒಂದಿಷ್ಟು ಹೊರಗಿತ್ತು, ಆದರೆ ಗಂಟಲು ಹುಟ್ಟಿದ ದಿನದ್ದೇ, ಬೀದಿಯ ಆ ತುದಿಗೆ ಕೇಳುವಂಥದು. ಒಂದು ಸ್ವರವನ್ನೂ ಬಿಡಲಿಲ್ಲ. ನಾನು ಅವಳಿಗೆ ಯಾವತ್ತೂ ಕೂರಿಸಿಕೊಂಡು ಕಲಿಸಿದವಳಲ್ಲ. ಹಿಟ್ಟು ನಾದುವಾಗ, ಬಟ್ಟೆ ಒಗೆಯುವಾಗ ಗುನುಗಿದ್ದಷ್ಟೇ, ಅದಕ್ಕೂ ಮೊದಲು ಯಲಬುರ್ಗಿಯಲ್ಲಿ ಬಿಚ್ಚು ಕೋಟಿನೊಳಗಿಂದ ಅವಳು ಕೇಳಿದ್ದಷ್ಟೇ. ಕೊನೆಗೆ ಆ ಮೂರು ಸ್ವರಗಳು ಬಂದವು. ಪಕ್ಕದಲ್ಲಿದ್ದ ಅಳಿಯ ಕಣ್ಣು ಅಗಲಿಸಿ ಹೆಂಡತಿಯಾಗಲಿರುವವಳನ್ನು ನೋಡಿದ. ತಾಳ ಹಾಕುತ್ತಿದ್ದ ಹನುಮಸಾಗರದ ಮುದುಕರು ಕಡೆಯ ಸ್ವರಕ್ಕೆ ತಮ್ಮ ಧ್ವನಿಯನ್ನೂ ಸೇರಿಸಿದರು.

ಚಾಚಾ ಮೂರನೆಯ ಸವಾಲಿಗೆ ಟ್ರಂಪೆಟ್ ಎತ್ತುತ್ತ ನನ್ನ ಕಡೆ ಹುಬ್ಬು ಹಾರಿಸಿದರು, ಊದು ಎಂದು. ನಾನು ತಲೆ ಅಲ್ಲಾಡಿಸಿದೆ. ಕ್ಲಾರಿನೆಟ್ಟನ್ನು ಬಾಸಿನವರ ಹೆಗಲಿಗೆ ವಾಪಸು ಹಾಕಿ, ಬೀಗತಿಯ ಕೈಯಿಂದ ಆರತಿ ತಟ್ಟೆ ಇಸಿದುಕೊಂಡೆ. ದೀಪ ಆರಿರಲಿಲ್ಲ. ಮನೆಯವರ ಮದುವೆಯಲ್ಲಿ ಮನೆಯವರು ಊದುವಂತಿಲ್ಲ.